ಏಳನೇ ಬಾಟಲಿ

ಬಿಸಿಲೆ ಕಾಡಿನ ಹಳ್ಳ ಬಲು ಜಿಪುಣ.
ಮುಂಗಾರು ಪೂರ್ತಿ ಅಳೆದೆ:
ಎಲೆಯಿಂದ ತೊಟ್ಟಿಕ್ಕಿದ್ದು, ಕಾಂಡ ಹಿಡಿದು ಇಳಿದದ್ದು.
ಉಂಬಳ ಕುಡಿದದ್ದು ಮಾತ್ರ ಲೆಕ್ಕಕ್ಕಿಲ್ಲ.
ಕೊಳೆತ ಎಲೆಯ ಸಾರಜನಕ
ಹಳ್ಳ ಮುಟ್ಟುವ ಮೊದಲೇ
ಬೇರು, ಬೂಷ್ಟು ನಡುದಾರಿಯಲ್ಲಿ ವಸೂಲಿ.

ಏಳನೇ ಬಾಟಲಿಯಲ್ಲಿ
ಗೆರೆ ಇದ್ದಕ್ಕಿದ್ದಂತೆ ನೆಟ್ಟಗೆ ಎದ್ದಿತು.
ಹಾಸನದ ಲ್ಯಾಬಿನಲ್ಲಿ ಎರಡು ರಾತ್ರಿ
ಯಂತ್ರವನ್ನು ಬೈದೆ, ಗಾಜು ತೊಳೆದೆ,
ಒಂದು ಸಿದ್ಧಾಂತವನ್ನೂ ಕಟ್ಟಿದೆ.

ನೀರು ಹಿಡಿದ ದ್ಯಾವಮ್ಮ
ಎಲೆಯಡಿಕೆ ಚೀಲ ಬಿಚ್ಚುತ್ತ ಅಂದಳು:
"ಅವತ್ತಾ? ಮ್ಯಾಲುಗಡೆ ಆನೆ ನಿಂತಿತ್ತು.
ಉಚ್ಚೆ ಹುಯ್ದು ಮುಗಿಸ್ಲಿ ಅಂತ ಕಾದೆ.
ಎಲ್ಲಿ ಮುಗೀತದೆ!
ನೀವು ಹೇಳಿದ ಟೈಮು ಮೀರ್ತಿತ್ತು, ಹಿಡ್ಕಂಡೆ."

ಷರಾ ಕಾಲಮಿನಲ್ಲಿ ಬರೆದೆ: ಆನೆ.
ಗೆರೆಯನ್ನು ಅಳಿಸಲಿಲ್ಲ.
ಗ್ರಾಫಿನಲ್ಲಿ ಅದು ಈಗಲೂ ಹಾಗೇ ಇದೆ,
ಸೊಂಡಿಲೆತ್ತಿ.