ಪೂರೈಕೆದಾರರು

ಸೊಹಾರ್ ಬಂದರಿನ ಪ್ರಯೋಗಾಲಯದಲ್ಲಿ
ಮೂಗಿಗೆ ಕೆಲಸವಿಲ್ಲ.
ಏಲಕ್ಕಿ ಬಂದರೂ, ಮೆಣಸಿನ ಪುಡಿ ಬಂದರೂ
ಬರುವುದು ಮೊಹರಿನ ಚೀಲದೊಳಗೆ, ಒಂದು ನಂಬರಾಗಿ.
ಎರಡು ಗ್ರಾಂ ತೂಗುತ್ತೇನೆ, ದ್ರಾವಣದಲ್ಲಿ ಕುಲುಕುತ್ತೇನೆ,
ಸೋಸಿ, ಕಿರುಬೆರಳುದ್ದದ ಶೀಶೆಗೆ ತುಂಬಿ
ಯಂತ್ರಕ್ಕೆ ಒಪ್ಪಿಸಿ ಕೂರುತ್ತೇನೆ.
ಹನ್ನೊಂದು ನಿಮಿಷ.
ಹೊರಗೆ ಕ್ರೇನುಗಳು ಊಟ ಇಳಿಸುತ್ತಿರುತ್ತವೆ.

ಊಟವೆಂದೆ, ಹೌದು:
ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಗೋಧಿ, ಇನ್ನೊಂದರಲ್ಲಿ ಹಾಲಿನ ಪುಡಿ,
ಮತ್ತೊಂದರಲ್ಲಿ ದಾರಿಯಲ್ಲೇ ಮೊಳೆತ ಈರುಳ್ಳಿ.
ಇಲ್ಲಿ ಕುಡಿವ ನೀರೂ ಕಡಲಿನ ಉಪ್ಪು ಕಳೆದು ತೆಗೆದದ್ದು.
ಖರ್ಜೂರ ಇವರದು, ಲಿಂಬೆ ಇವರದು, ಮೀನು ಇವರದು.
ಉಳಿದಂತೆ ನಾವು ಉಣ್ಣುವುದು
ಬೇರೆಯವರ ಮಳೆ.

ಮಂಗಳವಾರ ಮೆಣಸಿನ ಗೆರೆ ನೆಟ್ಟಗೆ ಎದ್ದಿತು,
ಏಳಬಾರದ ಕಡೆ.
ಮೇಣಕ್ಕೆ, ಬೂಟಿನ ಪಾಲಿಷಿಗೆ ಹಾಕುವ ಕೆಂಪು.
ಇಪ್ಪತ್ತೆರಡು ಟನ್ನು.
ಗೋದಾಮಿಗೆ ಹೋಗಿ ನೋಡಿದರೆ ಚೀಲದ ಹೊಲಿಗೆಯ ಹತ್ತಿರ
ಅರ್ಧ ಅಳಿಸಿದ ಕನ್ನಡ ಅಕ್ಷರ.
ಊರಿನ ಹೆಸರು ಓದಲಿಲ್ಲ ನಾನು.
ಓದಿದೆ.

ಮಾಲಿನ ಯಜಮಾನ ಖಲ್ಫಾನ್ ಬಲೂಶಿ
ಜಗಳಕ್ಕೆಂದೇ ಬಂದವನು, ಕುರ್ಚಿ ಕಂಡು ಕೂತ.
ಒಡಕು ಹಿಂದಿಯಲ್ಲಿ ಹೇಳಿದ:
"ನಮ್ಮಜ್ಜ ಮಂಗಳೂರಿನ ಅಕ್ಕಿ ತರುತ್ತಿದ್ದ, ಹಾಯಿ ಹಡಗಿನಲ್ಲಿ.
ಮೊಣಕೈವರೆಗೆ ಕೈ ಮೂಟೆಗಿಳಿಸಿ
ತಳದ ಕಾಳು ತೆಗೆದು ಹಲ್ಲಲ್ಲಿ ಕಡಿದು ನೋಡುತ್ತಿದ್ದ.
ಮಾರಿದವನ ಮಗಳ ಮದುವೆಯಲ್ಲಿ ಉಂಡೂ ಬಂದಿದ್ದನಂತೆ.
ನನಗೆ ಮಾರಿದವನ ಮುಖ ನಾನು ಕಂಡಿಲ್ಲ, ತಂಗಿ.
ಅವನಿಗೆ ಮಾರಿದವನ ಮುಖ ಅವನೂ."
ಎದ್ದು ಹೊರಟವನು ಬಾಗಿಲಲ್ಲಿ ತಿರುಗಿ ನಿಂತ:
"ವಾಪಸು ಕಳಿಸಿ, ಬೇಡವೆನ್ನುವುದಿಲ್ಲ.
ಬರುವ ವಾರದ ಮೆಣಸು ಯಾರಿಂದ ತರಲಿ, ಅದನ್ನೂ ಬರೆದು ಕೊಡಿ."

ಆ ಪ್ರಶ್ನೆಗೆ ನಮ್ಮ ನಮೂನೆಯಲ್ಲಿ ಜಾಗವಿಲ್ಲ.
ಹೋದ ವರ್ಷ ಒಂಬತ್ತು ದಿನ ಹಡಗು ಬಾರದೆ
ಫಲಜ್ ಅಲ್ ಕಬಾಯಿಲಿನ ಅಂಗಡಿಯಲ್ಲಿ
ಕೊನೆಯ ಟೊಮೆಟೊ ಮೇಲೆ ಎರಡು ಕೈ ಬಿದ್ದವು.
ಒಂದು ನನ್ನದು.
ಯಾವ ದೇಶದ್ದು ಎಂದು ಆಗ ಕೇಳಿರಲಿಲ್ಲ.

ರಾತ್ರಿ ಪಾಳಿ. ಯಂತ್ರಕ್ಕೆ ಬಿಡುವು.
ಊಟದ ಚೀಲದಿಂದ ತೆಗೆದೆ ಬಫಾತ್ ಪುಡಿಯ ಬಾಟಲಿ.
ಶಿರ್ವದಿಂದ ಬೆನೆಡಿಕ್ಟಾ ಮಾವ್ಶಿ ಬಾಯಿಗೆ ಬಟ್ಟೆ ಕಟ್ಟಿ, ಟೇಪು ಸುತ್ತಿ
ಯಾರದೋ ಲಗೇಜಿನಲ್ಲಿ ಕಳಿಸಿದ್ದು.
ಹಂದಿಮಾಂಸದ ಹಬ್ಬವಿಲ್ಲದ ಊರಲ್ಲಿ
ಕೋಳಿಗೂ ಅದೇ, ಬಂಗುಡೆಗೂ ಅದೇ.
ಯಾವ ಅಧಿಕಾರಿಯೂ ಅದನ್ನು ತಡೆದಿಲ್ಲ.
ಯಾಕೆ ತೂಗಿದೆನೋ. ತೂಗಿದೆ, ಎರಡು ಗ್ರಾಂ.
ಮೂರನೆಯ ನಿಮಿಷದಲ್ಲಿ ಮಾವ್ಶಿಯ ಕ್ಷಮೆ ಕೇಳಿದೆ,
ಐದರಲ್ಲಿ ಇನ್ನೊಮ್ಮೆ.
ಎಂಟರಲ್ಲಿ ಗೆರೆ ಎದ್ದಿತು.
ಸಣ್ಣದು.
ಆದರೆ ಅದೇ ಜಾಗ.

ಫೋನು ಮಾಡಿದಾಗ ಬೆಳಗಿನ ಪೂಜೆಗೆ ಹೊರಟಿದ್ದಳು.
"ಮೆಣಸು ಎಲ್ಲಿಯದು ಮಾವ್ಶಿ?"
"ಅಂಗಡಿಯದ್ದೇ ಮಗಾ, ಇನ್ನೆಲ್ಲಿಯದು?
ತಂದು ಒಣಗಿಸಿ ಹುರಿಯುವುದೆಲ್ಲ ಈಗ ನನ್ನಿಂದ ಆಗುತ್ತದಾ,
ಪುಡಿಯೇ ಸಿಗುತ್ತದೆ.
ಯಾಕೆ, ಈ ಸಲ ಬಣ್ಣ ಒಳ್ಳೆ ಬಂದಿದೆ, ಅಲ್ಲವಾ?"
"ಬಂದಿದೆ" ಅಂದೆ.

ಒಂದು ಹೊಸ ನಮೂನೆ ಎಳೆದುಕೊಂಡೆ.
ಉತ್ಪತ್ತಿಯ ದೇಶ, ಬರೆದೆ.
ಆಮದು ಮಾಡಿದವರು, ನನ್ನ ಹೆಸರು ಬರೆದೆ.
ಪೂರೈಕೆದಾರರು ಎಂಬಲ್ಲಿ
ಪೆನ್ನು ನಿಂತಿತು, ನಿಂತೇ ಇತ್ತು.
ಕಿಟಕಿಯಾಚೆ ಲಂಗರು ಹಾಕಿದ ಇನ್ನೊಂದು ಹಡಗು
ದೀಪ ಹಚ್ಚಿಕೊಂಡು ಸರದಿ ಕಾಯುತ್ತಿತ್ತು,
ಈ ಊರಿನ ನಾಳೆ ಮಧ್ಯಾಹ್ನವನ್ನು
ಹೊಟ್ಟೆಯಲ್ಲಿಟ್ಟುಕೊಂಡು.