ಇಳಿತದ ಹೊತ್ತಿನ ತರಬೇತಿ

ಶುಕ್ರವಾರ, ಒಂಬತ್ತು ಇಪ್ಪತ್ತು. ಮಾಲ್ಡನ್ ಊರಿನ ಕಟ್ಟೆ.
ಬ್ಲ್ಯಾಕ್‌ವಾಟರ್ ನದಿ ಕಡಲಿಗೆ ಹೋಗಿದೆ,
ಮಧ್ಯಾಹ್ನ ದಾಟಿದ ಮೇಲೆ ಬರುತ್ತದಂತೆ.
ಅದು ಬಿಟ್ಟುಹೋದ ಬೂದು ಹಾಸಿನ ಅಂಚಿಗೆ
ನಾವು ಹನ್ನೊಂದು ಜನ ಮಾಸ್ತರು, ಅಕ್ಕೋರು:
ಬಾಡಿಗೆ ಬೂಟು, ಕೊರಳಲ್ಲಿ ಹೆಸರಿನ ಚೀಟಿ,
ಶಾಲೆ ಕಟ್ಟಿದ ಶುಲ್ಕಕ್ಕೆ ತಕ್ಕ ಮುಖ.

ಕಲಿಸುವವಳು ಹೆಸ್ಟರ್ ಪೆಟ್‌ಫೀಲ್ಡ್. ಅರವತ್ತೆಂಟು.
ಸಿಂಪಿ ಹೆಕ್ಕುವವರ ಮೊಮ್ಮಗಳು, ಕಿವಿಯಲ್ಲಿ ಒಂದೇ ಓಲೆ.
ಮೊದಲು ನಮ್ಮ ಕೈಪಿಡಿಗಳನ್ನೆಲ್ಲ ಇಸಕೊಂಡು
ಬಕೆಟ್ಟಿನಲ್ಲಿಟ್ಟು ಮುಚ್ಚಳ ಹಾಕಿದಳು.
"ಊಟದವರೆಗೆ ಯಾವುದಕ್ಕೂ ಹೆಸರು ಹೇಳಕೂಡದು.
ಹೇಳಿದವರು ಎಲ್ಲರಿಗೂ ಟೀ ಕುಡಿಸಬೇಕು."

ಇಪ್ಪತ್ತೆರಡು ವರ್ಷ ನಾನು ಹೆಸರು ಹೇಳಿಯೇ ಉಂಡವಳು.
ಬ್ಯಾಸಿಲ್ಡನ್ನಿನ ಶಾಲೆಯಲ್ಲಿ, ಆರನೇ ಇಯತ್ತೆಗೆ,
ಆಹಾರ ಸರಪಳಿ: ಬಾಣ, ಬಾಣ, ಬಾಣ,
ಕೊನೆಗೊಂದು ಹದ್ದು. ಪ್ರಶ್ನೆಗೆ ಎರಡು ಅಂಕ.
ಮಗು ಬಾಯಿ ತೆರೆಯುವುದರೊಳಗೆ
ಉತ್ತರ ತುರುಕುವ ಕೈ ನನ್ನದು. ತಾಯಿ ತುತ್ತಿಟ್ಟಂತೆ
ಎಂದು ನಂಬಿದ್ದೆ.

ಆಚೆ ಒಂದು ಹಕ್ಕಿ.
ಕಿತ್ತಳೆ ಕಾಲು, ತಲೆ ಆಡಿಸುತ್ತ
ಕೆಸರಿಗೆ ಹೊಲಿಗೆ ಹಾಕುತ್ತಿದೆ.
ನಾಲಗೆಯ ತುದಿಗೆ ಬಂತು ಅದರ ಹೆಸರು, ಲ್ಯಾಟಿನ್ನಿನದೂ ಬಂತು.
ನುಂಗಿದೆ, ಎಣ್ಣೆಯಿಂದ ಎತ್ತಿದ ಮಿರ್ಚಿ ನುಂಗಿದ ಹಾಗೆ.
ಟಿಲ್ಬರಿಯಿಂದ ಬಂದ ಇಫೆಯಿನ್ವಾ ಪಕ್ಕದಲ್ಲಿ
ಕೆನ್ನೆ ಉಬ್ಬಿಸಿ ನಿಂತಿದ್ದಳು, ಅವಳದೂ ಅದೇ ಸಂಕಟ.
ಹೆಸರಿಲ್ಲದ ಹಕ್ಕಿ ಬಹಳ ಹೊತ್ತು ಉಳಿಯಿತು.
ಹೆಸರಿದ್ದಿದ್ದರೆ ಎರಡು ಸೆಕೆಂಡು.

ಆಮೇಲೆ ಇಳಿದೆವು. ಹನ್ನೆರಡು ಹೆಜ್ಜೆ.
ಹದಿಮೂರನೆಯದಕ್ಕೆ ನನ್ನ ಎಡಗಾಲು
ಮೊಣಕಾಲವರೆಗೆ ಹೋಗಿ ಅಲ್ಲೇ ಕೂತಿತು.
ಎಳೆದಷ್ಟೂ ಎಳೆಯಿತು. ಸುತ್ತ ಸಣ್ಣ ಚಪ್ಪರಿಕೆಯ ಸದ್ದು.
"ಹುದುಲು!" ಅಂದೆ.

ಎಲ್ಲಿತ್ತೋ ಆ ಮಾತು. ಗದಗಿನ ಎರೆ ಹೊಲದಲ್ಲಿ
ಚಪ್ಪಲಿ ಕಳಕೊಂಡ ಹುಡುಗಿಯೊಬ್ಬಳ ಬಾಯಿಂದ
ನಲವತ್ತು ವರ್ಷ ತಡವಾಗಿ ಬಿತ್ತು.
ಹೆಸ್ಟರ್ ತಿರುಗಿದಳು: "ಏನದು?"
ಹೆಸರಲ್ಲ, ಅಂದೆ. ದಂಡ ತಪ್ಪಿಸಿಕೊಳ್ಳಲು ಅಲ್ಲ.
ರಾಡಿ ಬೇರೆ, ಕೊಚ್ಚೆ ಬೇರೆ, ಅರಲು ಬೇರೆ;
ಹುದುಲು ಅಂದರೆ ಕಾಲಿಗೆ ಗೊತ್ತಾಗುವುದು.

"ಹಾಗಾದರೆ ಕಾಲನ್ನೇ ಕೇಳು," ಅಂದಳು.
"ಎಳೀಬೇಡ. ಕೂತುಕೋ. ಭಾರ ಹಂಚು.
ಬೆರಳು ಅಲ್ಲಾಡಿಸು, ನೀರಿಗೆ ದಾರಿ ಬಿಡು."
ಯಾರೂ ಓಡಿ ಬರಲಿಲ್ಲ. ಅದೂ ಪಾಠವಂತೆ.
ಸಿಕ್ಕಿಕೊಂಡವರ ಪಕ್ಕ ಸುಮ್ಮನೆ ನಿಲ್ಲುವುದು
ಹತ್ತು ಮಂದಿಗೂ ಬಲು ಕಷ್ಟವಾಯಿತು.
ಡೆನ್ಜಿಲ್ ಎರಡು ಸಲ ಕೈ ಚಾಚಿ ಹಿಂತೆಗೆದ.

ಕುಂಡೆ ಒದ್ದೆ. ಕಣ್ಣ ಸಮೀಪಕ್ಕೆ ಬಂದ ಕೆಸರು
ಈಗ ಬರೀ ಕೆಸರಲ್ಲ: ತೂತು, ತೂತು, ತೂತಿನಿಂದ ಗುಳ್ಳೆ,
ಅಕ್ಕಿಕಾಳಿನಷ್ಟು ಬಸವನಹುಳು ನೂರಾರು
ತಾವು ಹೋದ ದಾರಿಯನ್ನು ಗೀರಿ ಗೀರಿ ಬರೆಯುತ್ತ.
ನನ್ನ ಬಾಣ ಯಾವ ದಿಕ್ಕಿಗೂ ಹೊಂದಲಿಲ್ಲ.
ಕಾಲು ಬಂತು. ಬೂಟು ಬರಲಿಲ್ಲ.

ಮೂರಕ್ಕೆ ಫಾರಂ ಕೊಟ್ಟರು: ಕಲಿತ ಮೂರು ಅಂಶ.
ಡೆನ್ಜಿಲ್ ಹಾಳೆಯ ಬೆನ್ನಿಗೂ ಬರೆದ.
ನಾನು, ಬೂಟಿನ ದಂಡ ಎಂಟು ಪೌಂಡು ಎಂದು ಬರೆದು
ಉಳಿದೆರಡು ಗೆರೆ ಖಾಲಿ ಬಿಟ್ಟು
ಒಂದು ಕಾಲಿಗೆ ಬರೀ ಕಾಲ್ಚೀಲದಲ್ಲಿ ಬಸ್ಸಿಗೆ ಕಾದೆ.
ನದಿ ಮನೆಗೆ ಬರುತ್ತಿತ್ತು, ಅವಸರವಿಲ್ಲದೆ,
ನಾನು ಕೂತೆದ್ದ ಹಳ್ಳವನ್ನೂ ತುಂಬುತ್ತ.

ಸೋಮವಾರ, ಮೂರನೇ ಪಿರಿಯಡ್, ಶಾಲೆಯ ಹಿಂದಿನ ಚರಂಡಿ.
"ಮಿಸ್, ಇದೇನು?" ಕೆಝಾಯಾಳ ಬೆರಳ ತುದಿಯಲ್ಲಿ
ಆರು ಕಾಲು, ಒದ್ದೆ ರೆಕ್ಕೆ, ಎಲ್ಲ ನಡುಗುತ್ತ.
ನನಗೆ ಗೊತ್ತು. ಮತ್ತೆ ಆ ಬಿಸಿ ಮಿರ್ಚಿ.
ತುಟಿ ಕಚ್ಚುವುದರೊಳಗೆ ಅರ್ಧ ಹೆಸರು ಆಚೆ ಬಿತ್ತು.
ಉಳಿದರ್ಧ ಹಿಡಿದೆ.
ಅವಳು ನನ್ನ ಮುಖ ನೋಡಿದಳು, ಬೆರಳು ನೋಡಿದಳು,
ಯೂನಿಫಾರ್ಮ್ ಒದ್ದೆಯಾದರೂ ಅಲ್ಲೇ ಕುಕ್ಕರಿಸಿದಳು.

ಹೆಸ್ಟರ್‌ಗೆ ಅರ್ಧ ಕಪ್ ಟೀ ಬಾಕಿ.