ಅಚ್ಚಿಗಿಂತ ಚಿಕ್ಕ ಕಾಸು

ಅಚ್ಚು ನಮ್ಮಜ್ಜನ ಕಾಲದ್ದು,
ಹೊಳೆಯಾಚೆಯ ಪಟ್ಟಣ ತುಂಬಿದ್ದಾಗ ಕೆತ್ತಿದ್ದು.
ಹೆಬ್ಬೆಟ್ಟಿನಗಲ ಉಕ್ಕಿನಲ್ಲಿ
ತಿರುಗುಮುರುಗಾಗಿ ಮೂರು ಸಾಲು ಬಿರುದು.
ದೊರೆಗಳು ಬದಲಾದರು, ಬಿರುದು ಅದೇ.
ತಾಮ್ರ ಮಾತ್ರ ಈಗಿನದು.

ಆನೆಗೊಂದಿಯ ಕಮ್ಮಟದಲ್ಲಿ ಉಳಿದವರು ಮೂವರು:
ನಾನು ಮಾಯೋಜ, ತಿದಿಯೊತ್ತುವ ಕೆಂಚ,
ಬರೆಯಲು ಲೆಕ್ಕವಿಲ್ಲದೆ
ಕಡತಕ್ಕೆ ತಲೆಯಿಟ್ಟು ಮಲಗುವ ಸೇನಬೋವ ವಿಠಣ್ಣ.
ಬೆಟ್ಟದಿಂದ ಬೆಟ್ಟಕ್ಕೆ ತೆಂಕಣಕ್ಕೆ ಸರಿದ
ಸಿಂಹಾಸನದ ಸುದ್ದಿ
ಹೇರೆತ್ತಿನವರು ತರುತ್ತಾರೆ, ಮೆಣಸಿನ ಜೊತೆ.

ಅಲ್ಲಿಂದ ಓಲೆ ಬರುತ್ತದೆ: ಕಾಸು ಹೊಡೆಯಿರಿ.
ತಾಮ್ರ ಬರುವುದಿಲ್ಲ.
ಒಡೆದ ಕೊಡ, ಗುಡಿಯ ತೂತುಗಿಂಡಿ,
ಒಮ್ಮೆ ಯಾರದೋ ಬಾಗಿಲ ಚಿಲಕ,
ಕರಗಿಸಿ ಕತ್ತರಿಸಿದರೆ ಬಿಲ್ಲೆ
ಹುರುಳಿಕಾಳಿಗಿಂತ ತುಸು ದೊಡ್ಡದು.
ಅಚ್ಚಿಟ್ಟು ಸುತ್ತಿಗೆ ಬೀಸಿದರೆ
ಬಿರುದಿನ ಮುಕ್ಕಾಲು ಹೊರಗೇ,
ಗಾಳಿಗೆ ಬೀಳುತ್ತದೆ.
ಒಂದರಲ್ಲಿ ಶ್ರೀ ಮಾತ್ರ.
ಒಂದರಲ್ಲಿ ವರಾಹನ ಕೋರೆ, ಮುಖವಿಲ್ಲ.
ಮತ್ತೊಂದರಲ್ಲಿ ಯಾವುದೋ ದೇವರ ಮೊಣಕಾಲು.

ನಿನ್ನೆ ಸಂತೆಯಲ್ಲಿ ಉಪ್ಪಾರರ ಹುಲಿಗೆವ್ವ
ನನ್ನ ಐದು ಕಾಸು ಅಂಗೈಯಲ್ಲಿ ತಿರುವಿದಳು.
"ಏನ್ ಬರದೈತಿ ಇದ್ರಾಗ?"
ಹೇಳಿದೆ: ಮೂಡಣ, ಪಡುವಣ, ತೆಂಕಣ,
ಮೂರೂ ಕಡಲಿಗೆ ಒಡೆಯ ಅಂತ.
ಮೂಸಿದಳು. ನಿಜವಾಗಿ ಕಾಸನ್ನು ಮೂಸಿದಳು.
"ಮೂರು ಕಡಲು ಅವನವಾದ್ರ
ಉಪ್ಪಿಗೆ ನನ್ನ ಹತ್ರ ಯಾಕ ಬಂದಿ?"

ಚಿನಿವಾರ ಸೋಮಿಸೆಟ್ಟಿ ತೂಗಿದ,
ಬಿರುದನ್ನಲ್ಲ, ಗುಲಗಂಜಿ ಲೆಕ್ಕದಲ್ಲಿ.
ಸುಲ್ತಾನರ ಕಡೆಯ ಒಂದು ಸವೆದ ಕಾಸಿಗೆ
ನಮ್ಮವು ಐದು, ಮೇಲೆ ಒಂದು ಬಟ್ಟ.
ಸಿಕ್ಕಿದ ಉಪ್ಪು ಸೊಲಿಗೆಗೆ ಕಮ್ಮಿ.

ರಾತ್ರಿ ಮಗಳು ಪಂಪಿ
ಮಿಕ್ಕ ಕಾಸುಗಳನ್ನು ಚಾಪೆಯ ಮೇಲೆ ಹರವಿ
ಅಕ್ಷರ ಕೂಡಿಸುತ್ತಿದ್ದಳು.
ಶ್ರೀ ಇಲ್ಲಿ, ವೀ ಅಲ್ಲಿ. ರ ಸಿಗಲಿಲ್ಲ.
ಹನ್ನೊಂದು ಸಾಲಲಿಲ್ಲ.
ನನ್ನನ್ನು ಕೇಳಿ ಫಲವಿಲ್ಲ,
ತಿರುಗುಮುರುಗಾಗಿದ್ದರೆ ಮಾತ್ರ ಓದಬಲ್ಲೆ.

ಅಚ್ಚನ್ನು ಮನೆಗೆ ತರುವುದು ಅಪರಾಧ,
ಶಿಕ್ಷೆ ಕೈಗೆ.
ಕೈ ಕಡಿಯಲು ಬರುವವರ ದಾರಿಖರ್ಚಿಗೂ
ಕಾಸು ನಾನೇ ಹೊಡೆಯಬೇಕು.
ತಂದಿದ್ದೆ.

ಅವಳು ಅದನ್ನು ಕಸಿದುಕೊಂಡು
ಅವ್ವ ನಾದಿಟ್ಟ ಜೋಳದ ಹಿಟ್ಟಿಗೊತ್ತಿದಳು.
ಎದ್ದು ಬಂತು: ಶ್ರೀಯಿಂದ ಕೊನೆಯ ಕೊಂಬಿನವರೆಗೆ
ಮೂರು ಸಾಲು, ಮೂರು ಕಡಲು,
ಒಂದಕ್ಷರ ಮುಕ್ಕಿಲ್ಲದೆ.
ಎಷ್ಟು ವರ್ಷವಾಗಿತ್ತು ಪೂರ್ತಿ ಕಂಡು.
ಕೆಂಚನನ್ನು ಕೂಗಿ ತೋರಿಸೋಣವೆಂದುಕೊಂಡೆ.

ಹಂಚು ಕಾದಿತ್ತು.
ಅವಳವ್ವ ಅದರ ಮೇಲೆ ಕೈಯಿಟ್ಟು
ತಟ್ಟತೊಡಗಿದಳು.